ಸಿಳ್ಳಿನ ಕುಶಲಪ್ರಶ್ನೆ

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದು ದೂರವಾಣಿಯನ್ನು ಎತ್ತಿಕೊಂಡ ಗೃಹಿಣಿಗೆ, ‘ಹಲೋ’ ಎಂಬ ಮಾತಿಗೆ ಬದಲಾಗಿ ಕಿವಿ ಕೊರೆಯುವ ಸಿಳ್ಳೊಂದು ಕೇಳಿಬರುತ್ತಿದ್ದ ಕಾಲವೊಂದಿತ್ತು. ಅರ್ಧ ಸೆಕೆಂಡು ಸಿಳ್ಳು, ಮೂರು ಸೆಕೆಂಡು ಮೌನ, ಮತ್ತೆ ಸಿಳ್ಳು. ಯಾರೋ ಪೋಕರಿಗಳೆಂದು ಬೈದುಕೊಂಡು ಆಕೆ ರಿಸೀವರನ್ನು ಕುಕ್ಕಿ ಒಗ್ಗರಣೆಯ ಕಡೆಗೆ ಧಾವಿಸುತ್ತಿದ್ದಳು. 1990ರ ದಶಕದ ನಗರಗಳಲ್ಲಿ ಇದು ಅಪರೂಪದ ಸಂಗತಿಯಾಗಿರಲಿಲ್ಲ. ಪಾಪ, ಅದರಲ್ಲಿ ಪೋಕರಿತನವೇನೂ ಇರಲಿಲ್ಲ. ನಂಬರು ತಪ್ಪಿ ಬಂದ ಫ್ಯಾಕ್ಸ್ ಯಂತ್ರವೊಂದು, ‘ಆ ಕಡೆ ನಮ್ಮ ಪೈಕಿಯವರು ಯಾರಾದರೂ ಇದ್ದೀರಾ?’ ಎಂದು ವಿನಯಪೂರ್ವಕವಾಗಿ ವಿಚಾರಿಸುತ್ತಿದ್ದಿತು, ಅಷ್ಟೆ.

ಫ್ಯಾಕ್ಸು ಹೊಸ ಕಾಲದ ಹುಚ್ಚೆಂದು ತಿಳಿದವರು ಬಹಳ. ಆದರೆ ಅದು ದೂರವಾಣಿಗಿಂತಲೂ ಹಿರಿಯದು. ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಬೇನ್ ಎಂಬ ಗಡಿಯಾರದ ಕೆಲಸಗಾರ, ತಂತಿಯ ಮೂಲಕ ಆಕೃತಿಗಳನ್ನು ಮತ್ತೊಂದೆಡೆ ಮೂಡಿಸುವ ಉಪಾಯಕ್ಕೆ ಹಕ್ಕುಪತ್ರ ಪಡೆದುದು 1843ರಲ್ಲಿ. ಗ್ರಹಾಂ ಬೆಲ್ಲನು ದೂರವಾಣಿಯ ಹಕ್ಕುಪತ್ರ ಪಡೆದುದು 1876ರಲ್ಲಿ. ಇಟಲಿಯ ಜೊವಾನ್ನಿ ಕಸೆಲ್ಲಿ ಎಂಬಾತನ ಯಂತ್ರವು 1865ರಲ್ಲಿಯೇ ಪ್ಯಾರಿಸ್ ಮತ್ತು ಲಿಯಾನ್ ನಗರಗಳ ನಡುವೆ ಜನರ ಕೈಬರಹವನ್ನು ಸಾಗಿಸುತ್ತಿದ್ದಿತು. ಆಮೇಲೆ ನೂರು ವರ್ಷಗಳ ಕಾಲ ಒಬ್ಬರ ಯಂತ್ರದ ಭಾಷೆ ಮತ್ತೊಬ್ಬರ ಯಂತ್ರಕ್ಕೆ ತಿಳಿಯದೆ ಈ ವಿದ್ಯೆ ಕುಂಟುತ್ತ ನಡೆಯಿತು. 1980ರಲ್ಲಿ ರಾಷ್ಟ್ರಗಳ ದೂರಸಂಪರ್ಕ ಸಮಿತಿಯು ‘ಮೂರನೆಯ ಗುಂಪು’ ಎಂಬ ಒಂದೇ ಕಟ್ಟಳೆಯನ್ನು ನಿಗದಿಪಡಿಸಿದ ಮೇಲೆ ಯಾವ ದೇಶದ ಯಂತ್ರವಾದರೂ ಯಾವ ದೇಶದ ಯಂತ್ರದೊಡನೆಯೂ ವ್ಯವಹರಿಸಲು ಶಕ್ತವಾಯಿತು. ಬೆಂಗಳೂರಿನ ಎಸ್.ಟಿ.ಡಿ. ಬೂತುಗಳ ಹಳದಿ ಬೋರ್ಡಿನಲ್ಲಿ ‘ಫ್ಯಾಕ್ಸ್’ ಎಂಬ ಮಾತೂ ಸೇರಿಕೊಂಡಿತು.

ಈ ಯಂತ್ರದ ದೊಡ್ಡ ಗುಣವೆಂದರೆ ಅದರ ನಿರಕ್ಷರತೆ. ಅದಕ್ಕೆ ‘ಅ’ ಎಂಬುದು ಗೊತ್ತಿಲ್ಲ, ‘ಎ’ ಎಂಬುದೂ ಗೊತ್ತಿಲ್ಲ. ಕಾಗದದ ಮೇಲೆ ಇಂಥ ಕಡೆ ಕಪ್ಪು, ಇಂಥ ಕಡೆ ಬಿಳುಪು ಎಂಬಷ್ಟೇ ಅದರ ಜ್ಞಾನ. ಆದುದರಿಂದ ಎಲ್ಲ ಲಿಪಿಗಳೂ ಅದರ ಎದುರು ಸಮಾನ. ಸಾವಿರಾರು ಚಿತ್ರಾಕ್ಷರಗಳಲ್ಲಿ ಬರೆಯುವ ಜಪಾನೀಯರು ಟೆಲೆಕ್ಸಿನ ಇಂಗ್ಲಿಷ್ ಕೀಲಿಮಣೆಯೊಡನೆ ಹೆಣಗುವುದನ್ನು ಬಿಟ್ಟು ಫ್ಯಾಕ್ಸನ್ನು ಕಚೇರಿಯಲ್ಲಷ್ಟೇ ಅಲ್ಲದೆ ಮನೆಮನೆಯಲ್ಲಿಯೂ ಇಟ್ಟುಕೊಂಡುದಕ್ಕೆ ಇದೂ ಒಂದು ಮುಖ್ಯ ಕಾರಣ. ಕನ್ನಡದ ಸ್ಥಿತಿಯೇನೂ ಬಹಳ ಬೇರೆಯಾಗಿರಲಿಲ್ಲ. 2001ರ ಸುಮಾರಿಗೆ ಕಂಪ್ಯೂಟರಿನಲ್ಲಿ ಕನ್ನಡವನ್ನು ಟೈಪು ಮಾಡಿ ಇ–ಮೇಲಿನಲ್ಲಿ ಕಳುಹಿಸಿದರೆ, ಅದೇ ಅಕ್ಷರವಿನ್ಯಾಸ ಆ ಕಡೆಯ ಕಂಪ್ಯೂಟರಿನಲ್ಲಿಯೂ ಇಲ್ಲದಿದ್ದಲ್ಲಿ, ‘ಕ್ಷೇಮ’ ಎಂದು ಬರೆದುದು ಕೊಕ್ಕೆ, ಡೊಂಕು, ಡಾಲರ್ ಚಿಹ್ನೆಗಳ ಸಂತೆಯಾಗಿ ಕಾಣಿಸುತ್ತಿದ್ದಿತು.

ಬಸವನಗುಡಿಯ ಒಂದು ಮನೆಗೆ ಲಿನಕ್ಸ್ ಕಂಪ್ಯೂಟರಿನಲ್ಲಿ ಫ್ಯಾಕ್ಸ್ ಬಂದುದು ಇಂಥ ಕಾಲದಲ್ಲಿ. ಆ ಮನೆಯ ಅಜ್ಜಿಗೆ ಆಗ ಎಪ್ಪತ್ತನಾಲ್ಕು. ಕಣ್ಣು ಚುರುಕು, ಕೈ ಇನ್ನೂ ಚುರುಕು. ಆದರೆ ಕಿವಿ ಮಾತ್ರ ಹತ್ತು ವರ್ಷಗಳಿಂದ ಮೆಲ್ಲಮೆಲ್ಲನೆ ಬಾಗಿಲು ಮುಚ್ಚಿಕೊಂಡುಬಿಟ್ಟಿದ್ದಿತು. ಹಿರಿಯ ಮಗ ಮನೆಯಲ್ಲಿಯೇ ಇದ್ದ. ಕಿರಿಯ ಮಗ ಜಪಾನಿನ ಒಸಾಕ ನಗರದಲ್ಲಿ. ಭಾನುವಾರ ಬೆಳಿಗ್ಗೆ ಒಸಾಕದಿಂದ ದೂರವಾಣಿ ಬಂದಿತೆಂದರೆ ಮನೆಯವರೆಲ್ಲ ಸರದಿಯ ಮೇಲೆ ಮಾತನಾಡುವರು. ಅಜ್ಜಿಯ ಸರದಿಯೂ ಬರುವುದು. ಆಕೆ ರಿಸೀವರನ್ನು ಕಿವಿಗೆ ಒತ್ತಿಕೊಂಡು, “ಚೆನ್ನಾಗಿದ್ದೀಯೇನಪ್ಪ? ಊಟ ಆಯಿತೇ?” ಎಂದು ಕೇಳಿ, ಉತ್ತರಕ್ಕಾಗಿ ಒಂದಿಷ್ಟು ಹೊತ್ತು ಸುಮ್ಮನಿದ್ದು, “ಸರಿ, ಸರಿ” ಎಂದು ಮಗನ ಕೈಗೆ ಹಿಂದಿರುಗಿಸುವಳು. ಆ ‘ಸರಿ’ ಯಾವ ಮಾತಿಗೆ ಉತ್ತರವೆಂಬುದು ಒಸಾಕದವನಿಗೂ ತಿಳಿಯದು, ಬೆಂಗಳೂರಿನವರಿಗೂ ತಿಳಿಯದು. ಅಂಚೆಯಲ್ಲಿ ಬರೆದುದಕ್ಕೆ ಮರುಟಪಾಲು ಬರಬೇಕಾದರೆ ಎಷ್ಟೋ ವಾರಗಳು ಉರುಳುತ್ತಿದ್ದವು. ಫ್ಯಾಕ್ಸ್ ಯಂತ್ರವನ್ನೇ ಕೊಳ್ಳೋಣವೆಂದರೆ, ತಿಂಗಳಿಗೆ ನಾಲ್ಕು ಕಾಗದಕ್ಕಾಗಿ ಅಷ್ಟು ಹಣವೇ ಎಂದು ಅಜ್ಜಿಯೇ ತಡೆದಳು.

ಎಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ ಆ ಹೊತ್ತಿಗೆ, ಕಂಪ್ಯೂಟರ್ ಮಾಸಿಕವೊಂದರ ಜೊತೆಗೆ ಬಂದಿದ್ದ ಸಿ.ಡಿ.ಯಿಂದ ಮನೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸನ್ನು ಹಾಕಿಕೊಂಡಿದ್ದ. ಹೆಲ್ಸಿಂಕಿಯ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಆರಂಭಿಸಿ, ಲೋಕದ ನಾನಾ ಕಡೆಯ ಜನ ಕೈಜೋಡಿಸಿ ಬೆಳೆಸಿದ ಈ ವ್ಯವಸ್ಥೆಗೆ ಬೆಲೆಯೂ ಇಲ್ಲ, ಗುಟ್ಟೂ ಇಲ್ಲ. ಗುಟ್ಟಿಲ್ಲದ ಮನೆಯಲ್ಲಿ ಅತಿಥಿಗಳಿಗೆ ಉಪಚಾರ ಸ್ವಲ್ಪ ಕಡಿಮೆ: ನೀರು ಬೇಕಾದರೆ ಲೋಟ ಎಲ್ಲಿದೆಯೆಂದು ತೋರಿಸುತ್ತಾರೆ, ತೆಗೆದುಕೊಂಡು ಕುಡಿಯುವ ಕೆಲಸ ನಿಮ್ಮದು. ಕಂಪ್ಯೂಟರಿನೊಳಗೆ ಮೋಡೆಮ್ ಇದೆ, ಅದು ಫ್ಯಾಕ್ಸನ್ನೂ ಕಳುಹಿಸಬಲ್ಲದೆಂದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿದೆ. ಇನ್ನೇನು, ಒಂದು ಸಂಜೆಯ ಕೆಲಸವೆಂದು ಹುಡುಗ ಭಾವಿಸಿದ.

ಅವನ ಮೂರು ವಾರಗಳು ಹೋದವು.

ಒಳಗಿದ್ದ ಆ ಮೋಡೆಮ್ ವಾಸ್ತವವಾಗಿ ಅರ್ಧ ಮೋಡೆಮ್. ಅಂಕಿಗಳನ್ನು ಸ್ವರವನ್ನಾಗಿಯೂ ಸ್ವರವನ್ನು ಮರಳಿ ಅಂಕಿಗಳನ್ನಾಗಿಯೂ ಮಾಡುವುದೇ ಮೋಡೆಮಿನ ಧರ್ಮವಷ್ಟೆ. ಅಗ್ಗದ ಬೆಲೆಗೆ ಮಾರುವ ಸಲುವಾಗಿ ಆ ಕಾಲದ ತಯಾರಕರು ಈ ದುಡಿಮೆಯನ್ನೆಲ್ಲ ಕಂಪ್ಯೂಟರಿನ ಮುಖ್ಯ ಮಿದುಳಿನ ಮೇಲೆಯೇ ಹೇರಿ, ಹಲಗೆಯ ಮೇಲೆ ನಾಲ್ಕು ಬಿಡಿಭಾಗಗಳನ್ನು ಬೆಸೆದು, ಉಳಿದುದನ್ನು ವಿಂಡೋಸಿಗಾಗಿ ಬರೆದ ಗುಪ್ತ ತಂತ್ರಾಂಶದಲ್ಲಿ ಇಟ್ಟುಬಿಡುತ್ತಿದ್ದರು. ಲೋಕ ಇವಕ್ಕೆ ‘ವಿನ್‌ಮೋಡೆಮ್’ ಎಂದು ಅಡ್ಡಹೆಸರಿಟ್ಟಿತು. ಲಿನಕ್ಸಿನಲ್ಲಿ ಇಂಥವುಗಳಲ್ಲಿ ಕೆಲವು ಹೇಗೋ ನಡೆದವು, ಹಲವು ಕಲ್ಲಿನಂತೆ ಬಿದ್ದುಕೊಂಡವು. ಈ ಮನೆಯದು ಕಲ್ಲಿನ ವರ್ಗಕ್ಕೆ ಸೇರಿದ್ದಿತು. ಎರಡು ವಾರ ಅದನ್ನು ಮಾತನಾಡಿಸಲು ಯತ್ನಿಸಿ ಸೋತು, ಹುಡುಗ ಕೊನೆಗೆ ಗೆಳೆಯನೊಬ್ಬನಿಂದ ಬಳಸಿ ಬಿಟ್ಟ ಹೊರಮೋಡೆಮೊಂದನ್ನು ತಂದ. ಕಂಪ್ಯೂಟರಿನ ಹಿಂಬದಿಯ ಸೀರಿಯಲ್ ಕಿಂಡಿಗೆ ತಂತಿಯಿಂದ ಜೋಡಿಸುವ, ಮುಂಬದಿಯಲ್ಲಿ ಕೆಂಪು ದೀಪಗಳ ಸಾಲಿದ್ದ ಚಪ್ಪಟೆಯ ಪೆಟ್ಟಿಗೆ. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವ ಸ್ವಾವಲಂಬಿ.

ಲಿನಕ್ಸಿನಲ್ಲಿ ಪ್ರತಿಯೊಂದು ಉಪಕರಣಕ್ಕೂ ಕಡತದ ರೂಪದಲ್ಲಿ ಒಂದು ಹೆಸರಿರುತ್ತದೆ. ವಿಂಡೋಸಿನವರು ‘ಕಾಮ್ ಒಂದು’ ಎಂದು ಕರೆಯುವ ಕಿಂಡಿಗೆ ಇಲ್ಲಿ ‘ಟಿಟಿವೈ ಎಸ್ ಸೊನ್ನೆ’ ಎಂಬ ಹೆಸರು; ಇಲ್ಲಿಯ ಎಣಿಕೆ ಸೊನ್ನೆಯಿಂದ ಆರಂಭ. ‘ಮಿನಿಕಾಮ್’ ಎಂಬ ತಂತ್ರಾಂಶವನ್ನು ತೆರೆದು ‘ಎ ಟಿ’ ಎಂದು ಎರಡಕ್ಷರ ಟೈಪು ಮಾಡಿದರೆ ಮೋಡೆಮ್ ‘ಓಕೆ’ ಎನ್ನಬೇಕು. ‘ಎ ಟಿ’ ಎಂದರೆ ಇಂಗ್ಲಿಷಿನ ‘ಅಟೆನ್ಷನ್’ ಎಂಬುದರ ಮೊದಲ ಎರಡಕ್ಷರ. 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿಯ ಮೋಡೆಮಿನೊಡನೆ ಬಂದ ಈ ಸಂಬೋಧನೆ ಎಲ್ಲ ಮೋಡೆಮುಗಳ ಮಾತೃಭಾಷೆಯಾಗಿಬಿಟ್ಟಿತು. ಮೊದಲ ಸಲ ‘ಓಕೆ’ ಬಂದಾಗ ಹುಡುಗ ಕುಣಿದಾಡಿದ. ಅನಂತರ ಅವನು ಕೇಳಿದುದು ಫ್ಯಾಕ್ಸಿನ ವರ್ಗವನ್ನು: ‘ಎ ಟಿ ಪ್ಲಸ್ ಎಫ್‌ಕ್ಲಾಸ್, ಸಮಚಿಹ್ನೆ, ಪ್ರಶ್ನಾರ್ಥಕ.’ ಉತ್ತರವಾಗಿ ‘0, 1, 2’ ಎಂದು ಬಂದಿತು. ಸೊನ್ನೆಯೆಂದರೆ ಬರಿಯ ಅಂಕಿಗಳ ವಿನಿಮಯ. ಒಂದು, ಎರಡು ಎಂಬುವು ಫ್ಯಾಕ್ಸಿನ ಎರಡು ಕ್ರಮಗಳು. ಮೊದಲನೆಯ ವರ್ಗದ ಮೋಡೆಮ್ ಹೇಳಿದಷ್ಟೇ ಮಾಡುವ ಸಹಾಯಕನಂತೆ. ಯಾವಾಗ ಏನು ಮಾಡಬೇಕೆಂಬುದನ್ನು ಕಂಪ್ಯೂಟರೇ ಗಳಿಗೆ ಗಳಿಗೆಗೂ ಹೇಳುತ್ತಿರಬೇಕು. ಎರಡನೆಯದು ಸಾಮಾನು ಒಪ್ಪಿಸಿಬಿಟ್ಟರೆ ಬಡಿಸಿ ಎಲೆ ತೆಗೆಯುವವರೆಗೂ ತಾನೇ ನೋಡಿಕೊಳ್ಳುವ ಅಡುಗೆಭಟ್ಟ.

ಫ್ಯಾಕ್ಸ್ ಕಳುಹಿಸುವ ತಂತ್ರಾಂಶಗಳಲ್ಲಿಯೂ ಆಯ್ಕೆಯಿದ್ದಿತು. ‘ಹೈಲಾಫ್ಯಾಕ್ಸ್’ ಕಚೇರಿಗಳಿಗೆ ಯೋಗ್ಯವಾದುದು. ನೂರು ಜನ ನೂರು ಕಾಗದ ಕೊಟ್ಟರೂ ಸಾಲು ಹಚ್ಚಿ ಕಳುಹಿಸಬಲ್ಲದು. ಮನೆಯ ಅನ್ನಕ್ಕೆ ಮದುವೆಯ ಕೊಪ್ಪರಿಗೆಯೇಕೆಂದು ಹುಡುಗ ‘ಇಫ್ಯಾಕ್ಸ್’ ಎಂಬ ಚಿಕ್ಕ ಪಾತ್ರೆಯನ್ನು ಆರಿಸಿಕೊಂಡ. ಅದರ ಜೊತೆಗಿರುವ ಕಡತವೊಂದರಲ್ಲಿ ಮೋಡೆಮ್ ಯಾವ ಕಿಂಡಿಯಲ್ಲಿದೆ, ಮನೆಯ ನಂಬರೇನು, ಕಳುಹಿಸುವವರ ಹೆಸರೇನು, ಕಾಗದದ ಅಳತೆಯೇನು ಎಂಬ ನಾಲ್ಕು ವಿವರಗಳನ್ನು ತುಂಬಬೇಕು. ಅಳತೆಯ ಜಾಗದಲ್ಲಿ ಮೊದಲೇ ಅಮೆರಿಕದ ‘ಲೆಟರ್’ ಎಂದಿರುತ್ತದೆ. ಅದನ್ನು ‘ಎ4’ ಮಾಡಲು ಮರೆಯಬಾರದು. ಹೆಸರಿನ ಜಾಗದಲ್ಲಿ ಹುಡುಗ ತನ್ನ ಹೆಸರನ್ನು ಬರೆಯದೆ ಅಜ್ಜಿಯ ಹೆಸರನ್ನು ಬರೆದ.

ಅಡ್ಡಿಗಳು ಅಲ್ಲಿಗೇ ಮುಗಿಯಲಿಲ್ಲ. ಒಮ್ಮೆ ‘ಅನುಮತಿ ಇಲ್ಲ’ವೆಂಬ ಉತ್ತರ. ಲಿನಕ್ಸಿನಲ್ಲಿ ಕಿಂಡಿಯನ್ನು ಮುಟ್ಟಲು ಹಕ್ಕುಳ್ಳವರ ಗುಂಪೊಂದಿರುತ್ತದೆ. ಅದರಲ್ಲಿ ಹೆಸರು ಸೇರಿಸಿಕೊಳ್ಳಬೇಕಾಯಿತು. ಇನ್ನೊಮ್ಮೆ ‘ಉಪಕರಣ ಕಾರ್ಯನಿರತ’ವೆಂಬ ಉತ್ತರ. ಇದು ಸ್ವಾರಸ್ಯವಾದ ಏರ್ಪಾಡು. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲು ಎಸೆದು ಜಾಗ ಹಿಡಿಯುವಂತೆ, ಮೋಡೆಮನ್ನು ಬಳಸುತ್ತಿರುವ ತಂತ್ರಾಂಶವು ನಿಗದಿಯಾದ ಕೋಶದಲ್ಲಿ ಒಂದು ಬೀಗದ ಕಡತವನ್ನು ಇಟ್ಟಿರುತ್ತದೆ. ಅದನ್ನು ಕಂಡ ಮತ್ತೊಬ್ಬರು ಹತ್ತಿರ ಬರುವುದಿಲ್ಲ. ಹುಡುಗನ ಮಿನಿಕಾಮ್ ಅರ್ಧದಲ್ಲಿಯೇ ಅಸುನೀಗಿ, ಟವೆಲು ಮಾತ್ರ ಸೀಟಿನ ಮೇಲೆ ಉಳಿದುಕೊಂಡಿದ್ದಿತು.

ಇವೆಲ್ಲಕ್ಕಿಂತ ವಿಚಿತ್ರವಾದುದು ‘ಡಯಲ್ ಟೋನ್ ಇಲ್ಲ’ವೆಂಬ ಹಟ. ರಿಸೀವರನ್ನು ಎತ್ತಿದರೆ ಮನೆಯವರಿಗೆಲ್ಲ ಆ ಗುಂಯ್‌ಗುಟ್ಟುವಿಕೆ ಸ್ಪಷ್ಟವಾಗಿ ಕೇಳಿಸುತ್ತಿದೆ. ಮೋಡೆಮಿಗೆ ಮಾತ್ರ ಕೇಳಿಸದು! ಕಾರಣ, ಅದು ಹುಟ್ಟಿದ ದೇಶದಲ್ಲಿ ಡಯಲ್ ಟೋನಿನ ಶ್ರುತಿಯೇ ಬೇರೆ. ಭಾರತದ ಟೋನನ್ನು ಅದು ಟೋನೆಂದೇ ಪರಿಗಣಿಸಲಿಲ್ಲ. “ಪರವಾಗಿಲ್ಲ, ನನಗೊಬ್ಬ ಜೊತೆಗಾರ ಸಿಕ್ಕ,” ಎಂದು ಅಜ್ಜಿ ನಕ್ಕಳು. ಟೋನಿಗಾಗಿ ಕಾಯದೆ ನೇರವಾಗಿ ನಂಬರು ಒತ್ತೆಂಬ ಆದೇಶ ‘ಎಕ್ಸ್ 3’. ಅದನ್ನು ಸೇರಿಸಿದ ಮೇಲೆ ಆ ಹಟ ಅಡಗಿತು.

ಅಜ್ಜಿಯ ಕಾಗದವನ್ನು ಚಿತ್ರವನ್ನಾಗಿಸಲು ನೆರೆಯ ಅಚ್ಚುಕೂಟದವರು ಮಾರಿದ ಹಳೆಯ ಸ್ಕ್ಯಾನರೊಂದು ಸಿಕ್ಕಿತು. ಅದನ್ನು ನಡೆಸಲು ಲಿನಕ್ಸಿನಲ್ಲಿ ‘ಸೇನ್’ ಎಂಬ ತಂತ್ರಾಂಶ. ಹೀಗೆ ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಎಂದರೆ ಒಸಾಕದಲ್ಲಿ ಹತ್ತೂವರೆಗೆ, ಮೊದಲ ಕಾಗದ ಹೊರಟಿತು. ಮನೆಯವರೆಲ್ಲ ಸುತ್ತ ನೆರೆದಿದ್ದರು. ಮೋಡೆಮಿನ ಪುಟ್ಟ ಧ್ವನಿವರ್ಧಕದಿಂದ ಸಿಳ್ಳು, ಗರಗರ, ಮತ್ತೆ ಸಿಳ್ಳು. ಅಜ್ಜಿಗೆ ಅದಾವುದೂ ಕೇಳಿಸದು; ಎಲ್ಲರ ಮುಖವನ್ನು ನೋಡುತ್ತ ಕುಳಿತಿದ್ದಳು. ಹಿಂದಿನ ರಾತ್ರಿ ಮಳೆ ಬಿದ್ದು ತಂತಿಯಲ್ಲಿ ತೇವ ಸೇರಿತ್ತೋ ಏನೋ, ಸದ್ದು ಒಂದೆರಡು ಬಾರಿ ಎಡವಿ ನಿಂತಿತು. ಕೊನೆಗೆ ಹುಡುಗ ಕೈತಟ್ಟಿದ.

“ಏನು ಆಯಿತು? ಏನಂದಿತು ಅದು?” ಎಂದು ಅಜ್ಜಿ ಕೇಳಿದಳು.

“ಹೋಯಿತಮ್ಮ, ಹೋಯಿತು!” ಎಂದು ಹಿರಿಯ ಮಗ ಕೂಗಿದ.

“ಏನು?”

“ಹೋಯಿತು ಅಂದೆನಲ್ಲ! ಒಂದು ಮಾತನ್ನು ಎಷ್ಟು ಸಲ ಹೇಳುವುದು!”

ಕಿವಿ ಮಂದವಾದ ಹಿರಿಯರಿರುವ ಎಲ್ಲ ಮನೆಗಳಲ್ಲಿಯೂ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತಿದು. ಹೇಳಿದವರಿಗೆ ಅದು ನೆನಪಿರುವುದೂ ಇಲ್ಲ.

ಇಫ್ಯಾಕ್ಸ್ ತಾನು ಆಡಿದ ಮತ್ತು ಕೇಳಿದ ಪ್ರತಿಯೊಂದು ಮಾತನ್ನೂ ಪರದೆಯ ಮೇಲೆ ವರದಿ ಮಾಡುತ್ತದೆ. ಹುಡುಗ ಆ ವರದಿಯನ್ನು ಎದುರಿಗಿಟ್ಟುಕೊಂಡು, ಹರಿದ ಕ್ಯಾಲೆಂಡರ್ ಹಾಳೆಯೊಂದರ ಹಿಂಬದಿಯಲ್ಲಿ ಅಜ್ಜಿಗಾಗಿ ಹೀಗೆ ಬರೆದುಕೊಟ್ಟ:

ಬೆಂಗಳೂರು: (ಗಿಡ್ಡ ಸಿಳ್ಳು) ನಾನೊಂದು ಫ್ಯಾಕ್ಸು. ಆ ಕಡೆ ಯಾರಾದರೂ ಇದ್ದೀರಾ?

ಒಸಾಕ: (ಉದ್ದನೆಯ ಸಿಳ್ಳು) ಇದ್ದೇನೆ, ಬನ್ನಿ. ನನ್ನ ನಂಬರು ಇಂಥದು. ಇಂತಿಂಥ ವೇಗದಲ್ಲಿ ಹೇಳಿದರೆ ನನಗೆ ತಿಳಿಯುತ್ತದೆ. ಇಷ್ಟು ಅಗಲದ ಕಾಗದವಿದೆ. ಸಣ್ಣ ಅಕ್ಷರವೂ ಕಾಣುತ್ತದೆ.

ಬೆಂಗಳೂರು: ಸಂತೋಷ. ನನ್ನ ನಂಬರು ಇಂಥದು. ಸೆಕೆಂಡಿಗೆ 14,400 ಅಂಕಿಗಳ ವೇಗದಲ್ಲಿ, ಸಣ್ಣ ಅಕ್ಷರದಲ್ಲಿ ಹೇಳಲೇ? ಮೊದಲು ಒಂದೂವರೆ ಸೆಕೆಂಡು ಬರಿಯ ಸೊನ್ನೆಗಳನ್ನು ಹೇಳುತ್ತೇನೆ. ಸರಿಯಾಗಿ ಕೇಳಿಸಿತೇ, ನೋಡಿ.

ಒಸಾಕ: ಸರಿಯಾಗಿ ಕೇಳಿಸಲಿಲ್ಲ.

ಬೆಂಗಳೂರು: ಆಗಲಿ. 12,000ಕ್ಕೆ ಇಳಿಸುತ್ತೇನೆ. ಈಗ?

ಒಸಾಕ: ಈಗಲೂ ಇಲ್ಲ.

ಬೆಂಗಳೂರು: ಆಗಲಿ. ಇನ್ನೂ ನಿಧಾನವಾಗಿ, 9,600. ಈಗ?

ಒಸಾಕ: ಈಗ ಕೇಳಿಸಿತು. ಕಾಗದ ಓದಿ.

ಬೆಂಗಳೂರು: (ಕಾಗದ) ...ಇಷ್ಟೆ. ಮುಂದೆ ಪುಟವಿಲ್ಲ.

ಒಸಾಕ: ತಲುಪಿತು.

ಬೆಂಗಳೂರು: ಹಾಗಾದರೆ ಬರುತ್ತೇನೆ.

ಹುಡುಗ ಒಂದಿಷ್ಟು ಉಪ್ಪುಖಾರ ಸೇರಿಸಿದ್ದನೇ ಹೊರತು ಸುಳ್ಳು ಬರೆದಿರಲಿಲ್ಲ. ‘ಟಿ 30’ ಎಂಬ ಅಂತರರಾಷ್ಟ್ರೀಯ ಕಟ್ಟಳೆಯಲ್ಲಿ ಈ ಸಂಭಾಷಣೆಯ ಪ್ರತಿಯೊಂದು ಮಾತಿಗೂ ಸ್ಥಾನವಿದೆ. ಕಾಗದ ಎಷ್ಟೇ ವೇಗವಾಗಿ ಹೋಗಲಿ, ಕುಶಲಪ್ರಶ್ನೆಯೆಲ್ಲ ಸೆಕೆಂಡಿಗೆ 300 ಅಂಕಿಗಳ ಆಮೆಯ ನಡಿಗೆಯಲ್ಲಿಯೇ ಆಗಬೇಕು. ಎಷ್ಟು ಕೆಟ್ಟ ತಂತಿಯಿದ್ದರೂ ಅಷ್ಟಾದರೂ ತಿಳಿಯಲೆಂದು. ತನ್ನ ಶಕ್ತಿಯೆಷ್ಟೆಂದು ಮೊದಲು ಹೇಳಿಕೊಳ್ಳುವ ಹಕ್ಕು ಕೇಳುವವನದು. ಅದಕ್ಕೆ ಹೊಂದಿಕೊಳ್ಳುವುದು ಹೇಳುವವನ ಕರ್ತವ್ಯ. ಕೇಳಿಸಲಿಲ್ಲವೆಂದು ಉತ್ತರ ಬಂದರೆ ಹೇಳುವವನು ಸ್ವರ ಏರಿಸುವುದಿಲ್ಲ, ವೇಗ ಇಳಿಸುತ್ತಾನೆ.

ಅಜ್ಜಿ ಆ ಹಾಳೆಯನ್ನು ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದಳು. “ಒಳ್ಳೆಯ ಮನೆತನದವು,” ಎಂದಳು. ಆಮೇಲೆ ಅದನ್ನು ಮಡಿಸಿಡದೆ, ಪಡಸಾಲೆಯಲ್ಲಿ ಕ್ಯಾಲೆಂಡರು ನೇತುಹಾಕಿದ್ದ ಮೊಳೆಗೇ ಚುಚ್ಚಿದಳು. ಹಿರಿಯ ಮಗ ಹೋಗುತ್ತ ಬರುತ್ತ ಅದನ್ನು ಓದಬೇಕಾಗಿಯೇ ಬಂದಿತು.

ಕಾಗದ ಹೋದುದೇನೋ ಸರಿ, ಆದರೆ ಒಸಾಕದವನಿಗೆ ಅದನ್ನು ಓದುವುದು ಸುಲಭವಾಗಿರಲಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಸಾಧಾರಣ ಫ್ಯಾಕ್ಸಿನಲ್ಲಿ ಅಡ್ಡಲಾಗಿ ಮಿಲಿಮೀಟರಿಗೆ ಎಂಟು ಚುಕ್ಕೆ, ಮೇಲಿನಿಂದ ಕೆಳಕ್ಕೆ ನಾಲ್ಕಕ್ಕೂ ಕಡಿಮೆ ಗೆರೆ. ಇಂಗ್ಲಿಷಿಗೆ ಇದು ಸಾಕು. ಕನ್ನಡದ ಜೀವವಿರುವುದು ಅಕ್ಷರದ ತಲೆಯ ಮೇಲೆ ಮತ್ತು ಪಾದದ ಕೆಳಗೆ. ತಲೆಕಟ್ಟು, ಗುಡಿಸು, ಒತ್ತಕ್ಷರ ಎಲ್ಲವೂ ಮೇಲೆ ಕೆಳಗೆ ಒತ್ತೊತ್ತಾಗಿ ಕುಳಿತಿರುತ್ತವೆ. ಸಾಧಾರಣ ಕ್ರಮದಲ್ಲಿ ಒತ್ತಕ್ಷರವೆಲ್ಲ ಮಸಿಯ ಬೊಟ್ಟು. ಆದುದರಿಂದ ಮಿಲಿಮೀಟರಿಗೆ ಏಳೂಮುಕ್ಕಾಲರಷ್ಟು ಗೆರೆಗಳಿರುವ ‘ಫೈನ್’ ಕ್ರಮವೇ ಕನ್ನಡಕ್ಕೆ ಗತಿ. ಹುಡುಗ ಮೊದಲ ಕಾಗದದಲ್ಲಿಯೇ ಅದನ್ನು ಆರಿಸಿದ್ದ. ಆದರೂ ಅಜ್ಜಿಯ ಮಿತವ್ಯಯ ಅಡ್ಡಬಂದಿತು. ಜೀವಮಾನವೆಲ್ಲ ಇನ್‌ಲ್ಯಾಂಡ್ ಪತ್ರದಲ್ಲಿ ಬರೆದ ಕೈ ಅದು. ಅಂಚಿನಲ್ಲಿ, ಮಡಿಕೆಯಲ್ಲಿ, ವಿಳಾಸದ ಪಕ್ಕದಲ್ಲಿ, ತಲೆಕೆಳಗಾಗಿ, ಎಲ್ಲಿ ಎಳ್ಳಷ್ಟು ಜಾಗವಿದ್ದರೆ ಅಲ್ಲಿ ಬರೆಯುವ ಕೈ. ನೋಟುಬುಕ್ಕಿನ ಹಾಳೆ ಬೇರೆ. ಅದರ ಅಡ್ಡಗೆರೆಗಳೂ ಕಪ್ಪಾಗಿ ಅಕ್ಷರಗಳೊಡನೆ ಸೇರಿಕೊಂಡಿದ್ದವು.

ಅಜ್ಜಿಗೆ ಹಣದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆಂದು ಹುಡುಗನಿಗೆ ಗೊತ್ತಿದ್ದಿತು. ಒಂದು ಗೆರೆಗೆ 1,728 ಚುಕ್ಕೆ. ಇಡೀ ಎ4 ಹಾಳೆಗೆ ಸುಮಾರು 39 ಲಕ್ಷ ಚುಕ್ಕೆ. ಒಂದೊಂದನ್ನೂ ಹೇಳುತ್ತ ಹೋದರೆ 9,600ರ ವೇಗದಲ್ಲಿ ಏಳು ನಿಮಿಷ ಬೇಕು, ಐ.ಎಸ್.ಡಿ. ದರದಲ್ಲಿ ಏಳು ನಿಮಿಷವೆಂದರೆ ಯಾವ ಗೃಹಸ್ಥನ ಎದೆಯೂ ನಡುಗುತ್ತದೆ. ಆದರೆ ಯಂತ್ರ ಹಾಗೆ ಹೇಳುವುದಿಲ್ಲ. ‘ಇಷ್ಟು ದೂರ ಬಿಳುಪು, ಇಷ್ಟು ಕಪ್ಪು, ಮತ್ತೆ ಇಷ್ಟು ಬಿಳುಪು’ ಎಂದು ಮೊತ್ತದಲ್ಲಿ ಹೇಳುತ್ತದೆ. ಅದರಲ್ಲಿಯೂ ಪದೇ ಪದೇ ಬರುವ ಮೊತ್ತಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ. 1952ರಲ್ಲಿ ಡೇವಿಡ್ ಹಫ್‌ಮನ್ ಪ್ರಕಟಿಸಿದ ಜಾಣ್ಮೆಯನ್ನು ಆಧರಿಸಿದ ಉಪಾಯವಿದು. ಎರಡು ಅಥವಾ ಮೂರು ಕಪ್ಪು ಚುಕ್ಕೆಗಳೆಂದರೆ ಹೆಚ್ಚುಕಡಿಮೆ ಲೇಖನಿಯ ಗೀಟಿನ ದಪ್ಪ. ಅದಕ್ಕೆ ಎರಡೇ ಅಂಕಿಗಳ ಸಂಕೇತ. ಇಡೀ ಗೆರೆ ಖಾಲಿಯಾಗಿದ್ದರೆ 1,728 ಚುಕ್ಕೆಗಳಿಗೂ ಸೇರಿ ಹದಿನೇಳೇ ಅಂಕಿಗಳು, ಜೊತೆಗೆ ಗೆರೆ ಮುಗಿಯಿತೆಂಬ ಗುರುತು. ಎಂದರೆ ಖಾಲಿ ಬಿಟ್ಟ ಜಾಗ ಬಹುಮಟ್ಟಿಗೆ ಬಿಟ್ಟಿ; ತುರುಕಿ ಬರೆದರೆ ದುಬಾರಿ.

ಮಿತವ್ಯಯದ ಈ ವಿಪರೀತ ಶಾಸ್ತ್ರವನ್ನು ಅರಗಿಸಿಕೊಳ್ಳಲು ಅಜ್ಜಿಗೆ ಕೆಲವು ದಿನಗಳೇ ಬೇಕಾದವು. ಬಿಳಿಯ ಹಾಳೆ ಬಂದಿತು, ಕಪ್ಪು ಶಾಯಿ ಬಂದಿತು, ಸಾಲುಗಳ ನಡುವೆ ಉಸಿರಾಡುವಷ್ಟು ಎಡೆ ಬಂದಿತು. ಮೊದಲು ಅಂಚಿನವರೆಗೂ ಹರಡುತ್ತಿದ್ದ ದಿನಸಿಯ ಬೆಲೆ, ನೆಂಟರ ಜಗಳ, ಯಾರ ಮನೆಯ ಮದುವೆ ಎಂಬ ಸುದ್ದಿಗಳು ಕಡಿಮೆಯಾದವು. ಒಸಾಕದ ಸೊಸೆಗೆ ಬಸುರಿನ ಕಾಲದಲ್ಲಿ ಏನು ತಿನ್ನಬೇಕು, ಏನನ್ನು ಬಿಡಬೇಕೆಂಬುದು ಮಾತ್ರ ಎರಡು ಪುಟ ತುಂಬಿ ಹೋಯಿತು. ಅದಕ್ಕೆ ಖರ್ಚಿನ ಲೆಕ್ಕ ಅನ್ವಯಿಸಲಿಲ್ಲ.

ಬರುವ ಕಾಗದಗಳ ಏರ್ಪಾಡು ಬೇರೆಯೇ ಒಂದು ಕಥೆ. ಮನೆಗೆ ಒಂದೇ ದೂರವಾಣಿ. ಗಂಟೆ ಬಾರಿಸಿದಾಗ ಎತ್ತಬೇಕಾದವರು ಮನುಷ್ಯರೋ ಮೋಡೆಮೋ? ಲಿನಕ್ಸಿನಲ್ಲಿ ‘ಎಂಗೆಟ್ಟಿ’ ಎಂಬ ಕಾವಲುಗಾರನೊಬ್ಬನಿದ್ದಾನೆ. ಇಷ್ಟು ಗಂಟೆಗಳಾದರೂ ಯಾರೂ ಎತ್ತದಿದ್ದರೆ ನೀನು ಎತ್ತೆಂದು ಅವನಿಗೆ ಅಪ್ಪಣೆ ಮಾಡಬಹುದು. ಒಸಾಕದವನು ಒಮ್ಮೆ ಎರಡು ಗಂಟೆ ಬಾರಿಸಿ ನಿಲ್ಲಿಸುವುದು, ಮರುಕ್ಷಣ ಮತ್ತೆ ಬಾರಿಸಿದರೆ ಅದು ಕಾಗದವೆಂದು ಯಾರೂ ಮುಟ್ಟದಿರುವುದು ಎಂಬ ಒಪ್ಪಂದವಾಯಿತು. ವಿದ್ಯುತ್ತು ಹೋದ ದಿನ ಎಲ್ಲ ಒಪ್ಪಂದಗಳೂ ರದ್ದು.

ಅಜ್ಜಿಗೆ ಈ ಗಂಟೆಗಳೂ ಕೇಳಿಸುತ್ತಿರಲಿಲ್ಲ. ಆದರೆ ಹೊರಮೋಡೆಮಿನ ಮುಂಬದಿಯಲ್ಲಿ ಆ ದೀಪಗಳಿದ್ದುವಲ್ಲ! ಅವುಗಳಲ್ಲಿ ‘ಆರ್ ಡಿ’ ಎಂಬ ದೀಪವು ಆ ಕಡೆಯಿಂದ ಏನಾದರೂ ಬರುತ್ತಿರುವಾಗ ಮಿಣಮಿಣನೆ ಕುಣಿಯುತ್ತದೆ. ಭಾನುವಾರ ಬೆಳಿಗ್ಗೆ ಆಕೆ ಹೂಬತ್ತಿ ಹೊಸೆಯುತ್ತ ಆ ಪೆಟ್ಟಿಗೆಯ ಎದುರಿನ ಕುರ್ಚಿಯಲ್ಲಿ ಕುಳಿತಿರುವಳು. ದೀಪ ಕುಣಿಯಿತೆಂದರೆ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಆಕೆಗೇ ಸುದ್ದಿ: “ಮಾತಾಡುತ್ತಿದ್ದಾನೆ, ಬನ್ನಿ!” ಒಳಗಿದ್ದ ಮೋಡೆಮ್ ಕೆಲಸ ಮಾಡಿದ್ದರೆ ಈ ದೀಪಗಳೇ ಇರುತ್ತಿರಲಿಲ್ಲ, ಹುಡುಗನ ಎರಡು ವಾರಗಳ ಶಾಪ ಅಷ್ಟರಮಟ್ಟಿಗೆ ವ್ಯರ್ಥವಾಗಲಿಲ್ಲ.

ಫ್ಯಾಕ್ಸಿನ ಕಾಲ ಈಗ ಇಳಿಮುಖ. ಬ್ರಿಟನ್ನಿನ ಸರ್ಕಾರ 2019ರ ಜನವರಿಯಿಂದ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳು ಹೊಸ ಫ್ಯಾಕ್ಸ್ ಯಂತ್ರ ಕೊಳ್ಳಕೂಡದೆಂದು ನಿಷೇಧಿಸಿತು. ಜಪಾನಿನಲ್ಲಿ 2021ರಲ್ಲಿ ಸರ್ಕಾರಿ ಇಲಾಖೆಗಳಿಂದ ಇದನ್ನು ತೆಗೆದುಹಾಕಲು ಮಂತ್ರಿಯೊಬ್ಬರು ಹೊರಟಾಗ ಇಲಾಖೆಗಳೇ ತಕರಾರು ಮಾಡಿದವು. ತಲುಪಿತೆಂಬ ಆ ಒಂದು ಮಾತಿನ ಮೇಲೆ ಎಷ್ಟು ಭಾರ ನಿಂತಿರಬಲ್ಲದೆಂಬುದನ್ನು ಭಾರತ 2018ರ ನವೆಂಬರ್ 21ರಂದು ಕಂಡಿತು. ಜಮ್ಮು–ಕಾಶ್ಮೀರದಲ್ಲಿ ಸರ್ಕಾರ ರಚನೆಯ ಹಕ್ಕು ಮಂಡಿಸಿದ ಪತ್ರ ರಾಜಭವನದ ಫ್ಯಾಕ್ಸಿಗೆ ಹೋಗುತ್ತಿಲ್ಲವೆಂದು ಕಳುಹಿಸಿದವರು ದೂರಿದರು; ಅದೇ ರಾತ್ರಿ ವಿಧಾನಸಭೆ ವಿಸರ್ಜನೆಯಾಯಿತು; ಅಂದು ಹಬ್ಬದ ರಜೆಯೆಂಬ ಸಮಜಾಯಿಷಿ ಮರುದಿನ ಬಂದಿತು. ಯಂತ್ರಗಳೇನೋ ಕುಶಲಪ್ರಶ್ನೆಗೆ ಸಿದ್ಧ. ಬಾಗಿಲು ತೆರೆಯುವವರು ಮನುಷ್ಯರು.

ಇಂದು ಯಾರಾದರೂ ಲಿನಕ್ಸಿನಲ್ಲಿ ಈ ಪ್ರಯೋಗ ಮಾಡಬಯಸಿದರೆ ಹಾದಿ ಹಿಂದಿಗಿಂತ ಸುಗಮವೇ. ಸೀರಿಯಲ್ ಕಿಂಡಿಯಿಲ್ಲದಿದ್ದರೂ ಯು.ಎಸ್.ಬಿ. ಮೋಡೆಮುಗಳುಂಟು, ನಿಜವಾದ ಪೂರ್ಣ ಮೋಡೆಮನ್ನೇ ಆರಿಸಿಕೊಂಡರೆ ಚುಚ್ಚಿದೊಡನೆ ಸಾಮಾನ್ಯವಾಗಿ ‘ಟಿಟಿವೈ ಎಸಿಎಂ ಸೊನ್ನೆ’ ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತವೆ. ‘ಎ ಟಿ’ ಎಂದರೆ ಇಂದಿಗೂ ‘ಓಕೆ’ ಎನ್ನುತ್ತವೆ. ತೊಂದರೆಯಿರುವುದು ತಂತಿಯಲ್ಲಿ. ತಾಮ್ರದ ತಂತಿ ಹೋಗಿ ಅಂತರಜಾಲದ ಮೂಲಕ ಹರಿಯುವ ದೂರವಾಣಿ ಬಂದ ಮೇಲೆ, ಮನುಷ್ಯನ ಮಾತಿಗಾಗಿ ಹಿಂಡಿ ಸಣ್ಣದು ಮಾಡುವ ಕ್ರಮಗಳಲ್ಲಿ ಈ ಸಿಳ್ಳುಗಳು ನಜ್ಜುಗುಜ್ಜಾಗುತ್ತವೆ. ಅದಕ್ಕೆ ಪರಿಹಾರವಾಗಿ ‘ಟಿ 38’ ಎಂಬ ಕಟ್ಟಳೆ 1998ರಲ್ಲಿಯೇ ಬಂದಿದೆ. ಎರಡು ಕಡೆಯವರೂ ನಡುವಿನವರೂ ಅದನ್ನು ಪಾಲಿಸಿದರೆ ಫ್ಯಾಕ್ಸು ಹೋದೀತು.

ಬಸವನಗುಡಿಯ ಮೋಡೆಮ್ 2009ರವರೆಗೆ, ಅಜ್ಜಿ ಬದುಕಿದ್ದಷ್ಟು ಕಾಲ, ನಡೆಯಿತು. ಕೆಲವು ವರ್ಷಗಳ ಅನಂತರ ಒಸಾಕದ ಮಗ ತಾಯಿಯ ಕಾಗದಗಳ ಕಟ್ಟನ್ನು ಬಿಚ್ಚಿ ನೋಡಿದ. ಅವನ ಯಂತ್ರ ಶಾಖದಿಂದ ಕಪ್ಪಾಗುವ ನುಣುಪು ಕಾಗದದ್ದು. ಅಂಥ ಕಾಗದದ ಬರಹ ಶಾಶ್ವತವಲ್ಲ. ಬೆಳಕಿಗೆ, ಬಿಸಿಗೆ, ಕೊನೆಗೆ ಬರಿಯ ವಯಸ್ಸಿಗೂ ಅದು ಮಾಸಿಹೋಗುತ್ತದೆ. ಹಾಳೆಗಳೆಲ್ಲ ತಿಳಿ ಬೂದುಬಣ್ಣ. ಅಲ್ಲೊಂದು ‘ಚಿರಂಜೀವಿ’, ಇಲ್ಲೊಂದು ‘ಆಶೀರ್ವಾದ’ ಬಿಟ್ಟರೆ ಓದಬರುವಂಥದೇನೂ ಉಳಿದಿರಲಿಲ್ಲ. ಅವನು ಬೆಂಗಳೂರಿಗೆ ದೂರವಾಣಿ ಮಾಡಿದ.

ಅಂಚೆಯ ಕಾಗದವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿದ್ದಿತು. ಬರೆದವರ ಬಳಿ ಅದು ಉಳಿಯುವುದಿಲ್ಲ. ಫ್ಯಾಕ್ಸಿನಲ್ಲಿ ಹೋಗುವುದು ನೆರಳು, ಮೂಲ ಇಲ್ಲಿಯೇ ಇರುತ್ತದೆ. ಅಜ್ಜಿ ಮೂಲ ಹಾಳೆಗಳ ಹಿಂಬದಿಯನ್ನು ಹಾಲಿನ ಲೆಕ್ಕಕ್ಕೆ ಬಳಸಿ ರದ್ದಿಗೆ ಹಾಕಿದ್ದಳೆನ್ನಿ. ಆದರೆ ಹುಡುಗನ ಹಳೆಯ ಡಿಸ್ಕಿನಲ್ಲಿ, ಹೋದ ದಿನ ಮತ್ತು ವೇಳೆಯ ಅಂಕಿಗಳನ್ನೇ ಹೆಸರಾಗಿ ಹೊತ್ತು, ನೂರಾರು ಪುಟಗಳು ಸಾಲಾಗಿ ಕುಳಿತಿದ್ದವು. ಅವನು ಅವನ್ನು ಇಂದಿನ ಕಂಪ್ಯೂಟರುಗಳು ತೆರೆಯಬಲ್ಲ ರೂಪಕ್ಕೆ ಪರಿವರ್ತಿಸಿ ಒಂದು ಸಂಜೆ ಚಿಕ್ಕಪ್ಪನಿಗೆ ಇ–ಮೇಲಿನಲ್ಲಿ ಕಳುಹಿಸಿದ. ಚಿಕ್ಕಪ್ಪ ಎಲ್ಲವನ್ನೂ ಮತ್ತೆ ಮುದ್ರಿಸಿಕೊಂಡರು, ಈ ಸಲ ಸಾಧಾರಣ ಕಾಗದದ ಮೇಲೆ. ಬಸುರಿನ ಪಥ್ಯದ ಆ ಎರಡು ಪುಟಗಳನ್ನು ಮೊದಲು.